ಅಣುವಿದ್ಯುತ್ತಿನ ಗುಣದೋಷ ವಿವೇಚನೆ: ಕೈಗಾ ಸ್ಥಾವರದ ನಿದರ್ಶನ

ಹಾಸನದ ಬೀದಿದೀಪ, ಹೊಳೆನರಸೀಪುರದ ಅಕ್ಕಿಗಿರಣಿ, ಅರಕಲಗೂಡಿನ ಆಸ್ಪತ್ರೆ, ಚನ್ನರಾಯಪಟ್ಟಣದ ತೆಂಗಿನ ತೋಟಕ್ಕೆ ನೀರೆತ್ತುವ ಪಂಪು, ಇವೆಲ್ಲವೂ ಒಂದೇ ಜಾಲದ ವಿದ್ಯುತ್ತಿನಿಂದ ನಡೆಯುತ್ತವೆ. ಆ ವಿದ್ಯುತ್ತು ಶರಾವತಿಯ ನೀರಿನಿಂದ ಬಂದುದೋ, ರಾಯಚೂರಿನ ಕಲ್ಲಿದ್ದಲಿನಿಂದ ಬಂದುದೋ, ಪಾವಗಡದ ಬಿಸಿಲಿನಿಂದ ಬಂದುದೋ, ಕೈಗಾದ ಯುರೇನಿಯಮ್ಮಿನಿಂದ ಬಂದುದೋ ಎಂಬುದನ್ನು ತಂತಿಯನ್ನು ನೋಡಿ ಹೇಳಲಾಗದು. ಗುಂಡಿ ಒತ್ತಿದೊಡನೆ ದೀಪ ಹೊತ್ತಿಕೊಳ್ಳುವುದರಿಂದ, ಅದರ ಮೂಲವನ್ನು ಕುರಿತು ಆಲೋಚಿಸುವ ಅಗತ್ಯವೇ ಬಳಕೆದಾರನಿಗೆ ತೋರುವುದಿಲ್ಲ.

ಪ್ರೌಢಶಾಲೆಗಳ ಚರ್ಚಾಸ್ಪರ್ಧೆಗಳಲ್ಲಿ ‘ಅಣುಶಕ್ತಿ ವರವೋ ಶಾಪವೋ’ ಎಂಬ ವಿಷಯವು ಬಹುಕಾಲದಿಂದ ರೂಢಿಯಲ್ಲಿದೆ. ಒಂದು ಪಕ್ಷದವರು ಲಾಭಗಳನ್ನು ಎಣಿಸುತ್ತಾರೆ, ಮತ್ತೊಂದು ಪಕ್ಷದವರು ಹಾನಿಗಳನ್ನು ಎಣಿಸುತ್ತಾರೆ. ಪಟ್ಟಿ ಉದ್ದವಾದ ಕಡೆಗೆ ಬಹುಮಾನ ಹೋಗುತ್ತದೆ. ಆದರೆ ಈ ಎಣಿಕೆಯಲ್ಲಿ ಒಂದು ಮುಖ್ಯಾಂಶ ಬಿಟ್ಟುಹೋಗುತ್ತದೆ. ಲಾಭವನ್ನು ಪಡೆಯುವವರೂ ಭಾರವನ್ನು ಹೊರುವವರೂ ಒಬ್ಬರೇ ಅಲ್ಲ. ಲಾಭದ ಅವಧಿಯೂ ಹೊಣೆಯ ಅವಧಿಯೂ ಒಂದೇ ಅಲ್ಲ. ಈ ದೃಷ್ಟಿಯಿಂದ ನಮ್ಮ ರಾಜ್ಯದ ಏಕೈಕ ಅಣುವಿದ್ಯುತ್ ಕೇಂದ್ರವಾದ ಕೈಗಾವನ್ನು ನಿದರ್ಶನವಾಗಿ ಇಟ್ಟುಕೊಂಡು ವಿಷಯವನ್ನು ವಿವೇಚಿಸುವುದು ಉಚಿತವಾಗಿದೆ.

ಹಿನ್ನೆಲೆ

1902ರಲ್ಲಿ ಶಿವನಸಮುದ್ರದ ಕಾವೇರಿ ಜಲಪಾತದಲ್ಲಿ ಉತ್ಪಾದನೆಯಾದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1948ರಲ್ಲಿ ಜೋಗದ ವಿದ್ಯುದಾಗಾರವೂ 1960ರ ದಶಕದಲ್ಲಿ ಶರಾವತಿಯ ವಿದ್ಯುದಾಗಾರವೂ ಕೆಲಸವನ್ನಾರಂಭಿಸಿದವು. ನೀರಿನ ವಿದ್ಯುತ್ತು ಅಗ್ಗವಾದುದು, ಹೊಗೆಯಿಲ್ಲದುದು. ಆದರೆ ಅದು ಮಳೆಯ ಅಧೀನ. 2023ರ ಬರಗಾಲದಲ್ಲಿ ಜಲಾಶಯಗಳು ತುಂಬದೆ ರಾಜ್ಯವು ವಿದ್ಯುತ್ತಿನ ತೀವ್ರ ಅಭಾವವನ್ನು ಎದುರಿಸಬೇಕಾದುದನ್ನು ರೈತರು ಮರೆತಿಲ್ಲ.

ಮಳೆಯನ್ನು ಅವಲಂಬಿಸದ ಮೂಲವೆಂದರೆ ಕಲ್ಲಿದ್ದಲು. ಕರ್ನಾಟಕದ ನೆಲದಲ್ಲಿ ಕಲ್ಲಿದ್ದಲಿನ ಗಣಿಗಳಿಲ್ಲ. 1985ರಲ್ಲಿ ಪ್ರಾರಂಭವಾದ ರಾಯಚೂರಿನ ಉಷ್ಣವಿದ್ಯುತ್ ಸ್ಥಾವರಕ್ಕೆ ಹೊರರಾಜ್ಯಗಳಿಂದ ರೈಲಿನಲ್ಲಿ ಕಲ್ಲಿದ್ದಲು ಬರಬೇಕು. ಉಡುಪಿ ಜಿಲ್ಲೆಯ ನಂದಿಕೂರಿನ ಸ್ಥಾವರವು ವಿದೇಶದಿಂದ ಹಡಗಿನಲ್ಲಿ ಬಂದ ಕಲ್ಲಿದ್ದಲನ್ನು ಉರಿಸುವಂತೆ ನಿರ್ಮಿತವಾದುದು. ಅಲ್ಲಿಂದ ಹೊರಡುವ 400 ಕಿಲೋವೋಲ್ಟಿನ ತಂತಿಮಾರ್ಗವು ಘಟ್ಟವನ್ನೇರಿ ಹಾಸನದ ಸಮೀಪದ ಶಾಂತಿಗ್ರಾಮಕ್ಕೆ ಬಂದು ಸೇರುತ್ತದೆ. ಸ್ಥಾವರದ ಹೊಗೆ, ಬೂದಿಗಳು ನಂದಿಕೂರಿನ ಸುತ್ತಣ ಹಳ್ಳಿಗಳಿಗೆ, ವಿದ್ಯುತ್ತು ಘಟ್ಟದ ಮೇಲಿನವರಿಗೆ. ಹೀಗೆ ಭಾರವನ್ನು ಒಂದು ಕಡೆ ಇಟ್ಟು ಬೆಳಕನ್ನು ಮತ್ತೊಂದು ಕಡೆಗೆ ಒಯ್ಯುವುದು ಅಣುವಿದ್ಯುತ್ತಿಗೆ ಮಾತ್ರ ಸೀಮಿತವಾದ ಸಂಗತಿಯಲ್ಲ ಎಂಬುದನ್ನು ಮೊದಲೇ ಗಮನದಲ್ಲಿಡಬೇಕು.

ಅಣುವಿನಿಂದ ವಿದ್ಯುತ್ತು

ಯುರೇನಿಯಂ ಧಾತುವಿನ ಒಂದು ಬಗೆಯಾದ ಯುರೇನಿಯಂ-235ರ ಬೀಜವನ್ನು ನ್ಯೂಟ್ರಾನ್ ಎಂಬ ಕಣವು ತಾಕಿದಾಗ ಆ ಬೀಜ ಒಡೆದು ಅಪಾರವಾದ ಶಾಖ ಬಿಡುಗಡೆಯಾಗುತ್ತದೆ. ಜೊತೆಗೆ ಎರಡು ಮೂರು ಹೊಸ ನ್ಯೂಟ್ರಾನುಗಳು ಹೊರಬಂದು ಬೇರೆ ಬೀಜಗಳನ್ನು ಒಡೆಯುತ್ತವೆ. ಈ ಸರಪಳಿಯನ್ನು ಹತೋಟಿಯಲ್ಲಿಟ್ಟು ನಡೆಸುವ ಯಂತ್ರವೇ ರಿಯಾಕ್ಟರು. ಅದರ ಶಾಖದಿಂದ ನೀರನ್ನು ಆವಿಯಾಗಿಸಿ, ಆವಿಯಿಂದ ಟರ್ಬೈನನ್ನು ತಿರುಗಿಸಿ ವಿದ್ಯುತ್ತನ್ನು ಪಡೆಯುತ್ತಾರೆ. ಆವಿಯಿಂದ ಮುಂದಿನ ಕ್ರಮವೆಲ್ಲ ಕಲ್ಲಿದ್ದಲಿನ ಸ್ಥಾವರದ ಕ್ರಮವೇ. ಒಲೆ ಮಾತ್ರ ಬೇರೆ.

ನಿಸರ್ಗದಲ್ಲಿ ದೊರೆಯುವ ಯುರೇನಿಯಮ್ಮಿನಲ್ಲಿ ಯುರೇನಿಯಂ-235ರ ಪ್ರಮಾಣ ಶೇಕಡಾ 0.7 ಮಾತ್ರ. ಅದನ್ನು ಹಾಗೆಯೇ ಬಳಸಬೇಕಾದರೆ ನ್ಯೂಟ್ರಾನುಗಳ ವೇಗವನ್ನು ತಗ್ಗಿಸಲು ಭಾರಜಲದಂತಹ ವಸ್ತು ಬೇಕು. ಕೈಗಾದ ರಿಯಾಕ್ಟರುಗಳು ಈ ಬಗೆಯವು. ಅವುಗಳಿಗೆ ನಡೆಯುತ್ತಿರುವಾಗಲೇ ಇಂಧನ ತುಂಬಬಹುದು; ಅದಕ್ಕಾಗಿ ನಿಲ್ಲಿಸಬೇಕಾಗಿಲ್ಲ.

ಕೈಗಾ ಗ್ರಾಮವು ಉತ್ತರ ಕನ್ನಡ ಜಿಲ್ಲೆಯ ಕಾರವಾರ ತಾಲ್ಲೂಕಿನಲ್ಲಿ, ಪಶ್ಚಿಮಘಟ್ಟದ ಕಾಡಿನ ನಡುವೆ, ಕಾಳಿ ನದಿಯ ದಡದಲ್ಲಿದೆ. ಅಲ್ಲಿ ತಲಾ 220 ಮೆಗಾವ್ಯಾಟಿನ ನಾಲ್ಕು ಘಟಕಗಳಿವೆ. ಮೊದಲೆರಡು ಘಟಕಗಳು 2000ದಲ್ಲಿ, ಮೂರನೆಯದು 2007ರಲ್ಲಿ, ನಾಲ್ಕನೆಯದು 2011ರಲ್ಲಿ ವಾಣಿಜ್ಯ ಉತ್ಪಾದನೆಯನ್ನು ಪ್ರಾರಂಭಿಸಿದವು. ತಲಾ 700 ಮೆಗಾವ್ಯಾಟಿನ ಇನ್ನೆರಡು ಘಟಕಗಳಿಗೆ 2017ರಲ್ಲಿ ಕೇಂದ್ರ ಸಚಿವ ಸಂಪುಟವು ಒಪ್ಪಿಗೆ ನೀಡಿತು.

ಗುಣಗಳು

ಮೊದಲನೆಯ ಗುಣವೆಂದರೆ ನಿರಂತರತೆ. ಕೈಗಾದ ಮೊದಲನೆಯ ಘಟಕವು 2016ರ ಮೇ ತಿಂಗಳಿನಿಂದ 2018ರ ಡಿಸೆಂಬರ್ 31ರವರೆಗೆ 962 ದಿನಗಳ ಕಾಲ ಎಡೆಬಿಡದೆ ನಡೆದು ಅಂದಿನ ಜಾಗತಿಕ ದಾಖಲೆಯನ್ನು ಸ್ಥಾಪಿಸಿತು. ಕೆನಡಾದ ಒಂದು ರಿಯಾಕ್ಟರು ಅನಂತರ ಅದನ್ನು ಮೀರಿತಾದರೂ, ಕೈಗಾದ ನೌಕರವರ್ಗದ ದಕ್ಷತೆಗೆ ಅದು ಸಾಕ್ಷಿಯಾಗಿದೆ. 220 ಮೆಗಾವ್ಯಾಟಿನ ಘಟಕವು ಪೂರ್ಣ ಸಾಮರ್ಥ್ಯದಲ್ಲಿ ಒಂದು ಹಗಲಿರುಳು ನಡೆದರೆ 52.8 ಲಕ್ಷ ಯೂನಿಟ್ ವಿದ್ಯುತ್ತು ದೊರೆಯುತ್ತದೆ. ಮಳೆ ಬಾರದಿದ್ದರೂ, ಸೂರ್ಯ ಮುಳುಗಿದರೂ, ಗಾಳಿ ನಿಂತರೂ ಅದು ದೊರೆಯುತ್ತದೆ.

ಎರಡನೆಯದು ಇಂಧನದ ಅಲ್ಪ ಪ್ರಮಾಣ. ಒಂದು ಕಿಲೋಗ್ರಾಂ ಯುರೇನಿಯಂ-235 ಪೂರ್ಣವಾಗಿ ಒಡೆದರೆ ಸುಮಾರು 3,000 ಟನ್ ಉತ್ತಮ ಕಲ್ಲಿದ್ದಲಿನಷ್ಟು ಶಾಖ ಬರುತ್ತದೆ. ಆದಕಾರಣ ರೈಲು ತಡವಾದರೆ ಸ್ಥಾವರ ನಿಲ್ಲುವ ಭಯವಿಲ್ಲ.

ಮೂರನೆಯದು ಹೊಗೆಯಿಲ್ಲದಿರುವಿಕೆ. ಹವಾಮಾನವನ್ನು ಕುರಿತ ಅಂತರಸರ್ಕಾರಿ ಸಮಿತಿಯು 2014ರ ವರದಿಯಲ್ಲಿ ಗಣಿಯಿಂದ ಹಿಡಿದು ಸ್ಥಾವರದ ವಿಸರ್ಜನೆಯವರೆಗಿನ ಎಲ್ಲವನ್ನೂ ಲೆಕ್ಕ ಹಾಕಿತು. ಅದರ ಪ್ರಕಾರ ಒಂದು ಯೂನಿಟ್ ವಿದ್ಯುತ್ತಿಗೆ ಕಲ್ಲಿದ್ದಲಿನಿಂದ ಸುಮಾರು 820 ಗ್ರಾಂ ಇಂಗಾಲದ ಡೈಆಕ್ಸೈಡಿಗೆ ಸಮನಾದ ಅನಿಲವೂ, ಅಣುವಿನಿಂದ ಸುಮಾರು 12 ಗ್ರಾಂ ಮಾತ್ರವೂ ಹೊರಬೀಳುತ್ತವೆ. ಮುಂಗಾರಿನ ಕ್ರಮ ತಪ್ಪುತ್ತಿರುವ ಈ ದಿನಗಳಲ್ಲಿ ಈ ವ್ಯತ್ಯಾಸವನ್ನು ಲಘುವಾಗಿ ಕಾಣಲಾಗದು.

ದೋಷಗಳು

ಅಣುಸ್ಥಾವರದಲ್ಲಿ ದೊಡ್ಡ ಅಪಘಾತವು ವಿರಳ. ಆದರೆ ಸಂಭವಿಸಿದರೆ ಅದರ ವ್ಯಾಪ್ತಿ ಅತಿ ದೊಡ್ಡದು. ರಿಯಾಕ್ಟರನ್ನು ನಿಲ್ಲಿಸಿದ ಕ್ಷಣದಲ್ಲಿಯೂ ಪೂರ್ಣ ಶಾಖದ ಸುಮಾರು ಶೇಕಡಾ 6ರಷ್ಟು ಉಳಿದಿರುತ್ತದೆ, ಅದು ಮೆಲ್ಲಮೆಲ್ಲನೆ ಇಳಿಯುತ್ತದೆ. ಆ ಶಾಖವನ್ನು ತೆಗೆಯಲು ನೀರು ಹರಿಯುತ್ತಲೇ ಇರಬೇಕು. ಜಪಾನಿನ ಫುಕುಶಿಮಾದಲ್ಲಿ 2011ರ ಮಾರ್ಚ್ 11ರಂದು ಭೂಕಂಪವಾದಾಗ ರಿಯಾಕ್ಟರುಗಳು ಸರಿಯಾಗಿಯೇ ನಿಂತವು. ಆದರೆ ಸುನಾಮಿಯ ಅಲೆಗೆ ತಂಪುಗೊಳಿಸುವ ಪಂಪುಗಳ ವಿದ್ಯುತ್ತು ಕಡಿದುಹೋಗಿ ಇಂಧನ ಕರಗಿತು. ಲಕ್ಷಕ್ಕೂ ಮೀರಿದ ಜನ ಮನೆ ಬಿಡಬೇಕಾಯಿತು. 1986ರ ಏಪ್ರಿಲ್ 26ರಂದು ಚೆರ್ನೊಬಿಲ್‌ನಲ್ಲಿ ನಡೆದ ಸ್ಫೋಟಕ್ಕೆ ರಿಯಾಕ್ಟರಿನ ರಚನಾದೋಷವೂ ನಡೆಸುವವರ ತಪ್ಪುಗಳೂ ಕೂಡಿಕೊಂಡಿದ್ದವು. ಕೈಗಾದ ರಿಯಾಕ್ಟರುಗಳು ಆ ಎರಡೂ ಬಗೆಗಳಿಗೆ ಸೇರಿದುವಲ್ಲ. ಕೈಗಾ ಕಡಲತೀರದಲ್ಲಿಯೂ ಇಲ್ಲ. ಆದರೂ ಎಣಿಸದೆ ಇದ್ದುದು ಸಂಭವಿಸಬಹುದೆಂಬ ಪಾಠ ಎಲ್ಲರಿಗೂ ಸಮಾನ.

ಕೈಗಾದಲ್ಲಿಯೂ ಎಚ್ಚರಿಕೆಯ ಪ್ರಸಂಗಗಳು ನಡೆದಿವೆ. 1994ರ ಮೇ 13ರಂದು ನಿರ್ಮಾಣದ ಹಂತದಲ್ಲಿದ್ದ ಮೊದಲನೆಯ ಘಟಕದ ಒಳಗುಮ್ಮಟದ ಕಾಂಕ್ರೀಟು ಕಳಚಿ ಬಿದ್ದಿತು. ಇಂಧನ ತುಂಬಿರಲಿಲ್ಲವಾದ ಕಾರಣ ವಿಕಿರಣದ ಪ್ರಶ್ನೆ ಏಳಲಿಲ್ಲ; ಆದರೆ ವಿಕಿರಣವನ್ನು ತಡೆಯಬೇಕಾದ ಗುಮ್ಮಟವೇ ಕುಸಿದದ್ದು ಸಣ್ಣ ಸಂಗತಿಯಲ್ಲ. ವಿನ್ಯಾಸವನ್ನು ತಿದ್ದಿ ಮತ್ತೆ ಕಟ್ಟಬೇಕಾಯಿತು. 2009ರ ನವೆಂಬರ್‌ನಲ್ಲಿ ಕುಡಿಯುವ ನೀರಿನ ಯಂತ್ರವೊಂದರಲ್ಲಿ ಟ್ರಿಟಿಯಂ ಬೆರೆತ ಭಾರಜಲ ಸೇರಿ, ಹಲವು ಮಂದಿ ಕಾರ್ಮಿಕರ ದೇಹದೊಳಕ್ಕೆ ಹೋಯಿತು. ಒಳಗಿನವರೇ ಯಾರೋ ಉದ್ದೇಶಪೂರ್ವಕವಾಗಿ ಮಾಡಿದ ಕೃತ್ಯವೆಂದು ಅಧಿಕಾರಿಗಳು ಹೇಳಿದರು. ಕಾರ್ಮಿಕರ ಮೂತ್ರವನ್ನು ಕ್ರಮವಾಗಿ ಪರೀಕ್ಷಿಸುವ ಪದ್ಧತಿಯಿದ್ದುದರಿಂದ ಸಂಗತಿ ಬೆಳಕಿಗೆ ಬಂದಿತು. ಯಂತ್ರ ಎಷ್ಟೇ ನಿರ್ದುಷ್ಟವಾಗಿದ್ದರೂ ಅದನ್ನು ನಡೆಸುವವರು ಮನುಷ್ಯರೇ ಎಂಬುದನ್ನೂ, ನಿಯಮಿತ ಪರೀಕ್ಷೆಯ ಬೆಲೆಯನ್ನೂ ಈ ಪ್ರಸಂಗವು ಒಟ್ಟಿಗೇ ತೋರಿಸುತ್ತದೆ.

ಬಳಸಿದ ಇಂಧನದ ಪ್ರಶ್ನೆ ಇನ್ನೂ ದೀರ್ಘವಾದುದು. ಅದರಲ್ಲಿರುವ ಸೀಸಿಯಂ-137 ಅರ್ಧಕ್ಕೆ ಇಳಿಯಲು ಸುಮಾರು 30 ವರ್ಷಗಳೂ, ಪ್ಲುಟೋನಿಯಂ-239 ಅರ್ಧಕ್ಕೆ ಇಳಿಯಲು ಸುಮಾರು 24,000 ವರ್ಷಗಳೂ ಬೇಕು. ಭಾರತವು ಬಳಸಿದ ಇಂಧನವನ್ನು ಸಂಸ್ಕರಿಸಿ ಉಪಯುಕ್ತ ಭಾಗವನ್ನು ಬೇರ್ಪಡಿಸಿ, ಉಳಿದ ತೀವ್ರ ವಿಕಿರಣದ ತ್ಯಾಜ್ಯವನ್ನು ಗಾಜಿನಲ್ಲಿ ಬೆರೆಸಿ ಕಾಪಾಡುವ ಮಾರ್ಗವನ್ನು ಅನುಸರಿಸುತ್ತಿದೆ. ಅದನ್ನು ಭೂಗರ್ಭದಲ್ಲಿ ಶಾಶ್ವತವಾಗಿ ಇಡುವ ನೆಲೆ ನಮ್ಮ ದೇಶದಲ್ಲಿ ಇನ್ನೂ ಸಿದ್ಧವಾಗಿಲ್ಲ. ಬಂಡೆಯು ಕಾವಿಗೆ ಹೇಗೆ ಒಡ್ಡಿಕೊಳ್ಳುತ್ತದೆ ಎಂಬುದನ್ನು ಅರಿಯಲು ಕೋಲಾರದ ಚಿನ್ನದ ಗಣಿಯಲ್ಲಿ, ಸುಮಾರು ಒಂದು ಕಿಲೋಮೀಟರ್ ಆಳದಲ್ಲಿ, ವಿಜ್ಞಾನಿಗಳು ವಿದ್ಯುತ್ ಹೀಟರುಗಳನ್ನಿಟ್ಟು ಪ್ರಯೋಗ ನಡೆಸಿದುದುಂಟು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತನ್ನು ಪಡೆದ ಗಣಿಯೇ ಮುಂದೆ ವಿದ್ಯುತ್ತಿನ ತ್ಯಾಜ್ಯವನ್ನು ಎಲ್ಲಿಡಬೇಕೆಂಬ ಪ್ರಶ್ನೆಗೂ ಪ್ರಯೋಗಶಾಲೆಯಾಯಿತು.

ಇಂಧನವೂ ನಿರಾತಂಕವಾಗಿ ದೊರೆಯುವ ವಸ್ತುವಲ್ಲ. 2008ರ ಸುಮಾರಿನಲ್ಲಿ ಯುರೇನಿಯಮ್ಮಿನ ಅಭಾವದಿಂದ ದೇಶದ ಹಲವು ಸ್ಥಾವರಗಳು ಪೂರ್ಣ ಸಾಮರ್ಥ್ಯದಲ್ಲಿ ನಡೆಯಲಾಗಲಿಲ್ಲ. ಅದಲ್ಲದೆ, ಹುಟ್ಟಿದ ಶಾಖದಲ್ಲಿ ಮೂರನೆಯ ಒಂದು ಭಾಗಕ್ಕಿಂತ ಕಡಮೆ ಮಾತ್ರ ವಿದ್ಯುತ್ತಾಗುತ್ತದೆ. ಉಳಿದುದು ಬಹುಮಟ್ಟಿಗೆ ತಂಪುಗೊಳಿಸುವ ನೀರಿನೊಡನೆ ಕದ್ರಾ ಜಲಾಶಯಕ್ಕೆ ಹೋಗುತ್ತದೆ.

ಭಾರ ಹೊತ್ತವರು

ಕಾಳಿ ಕಣಿವೆಯ ಜನರಿಗೆ ಅಣುಸ್ಥಾವರವು ಒಂಟಿಯಾಗಿ ಬಂದ ಭಾರವಲ್ಲ. ಸೂಪಾ ಅಣೆಕಟ್ಟಿನ ಹಿನ್ನೀರಿನಲ್ಲಿ ಹಳೆಯ ಸೂಪಾ ಪಟ್ಟಣ ಮುಳುಗಿತು. ಕದ್ರಾ ಅಣೆಕಟ್ಟಿನಿಂದಲೂ ಜನ ನೆಲೆ ಕಳೆದುಕೊಂಡರು. ಕಾರವಾರದ ಕಡಲತೀರದಲ್ಲಿ ನೌಕಾನೆಲೆಗಾಗಿ ಊರುಗಳು ಎದ್ದವು. ಇಂಥ ಜಿಲ್ಲೆಗೆ ಅಣುಸ್ಥಾವರ ಬರುತ್ತದೆಂದಾಗ ವಿರೋಧ ಹುಟ್ಟಿದುದು ಆಶ್ಚರ್ಯವಲ್ಲ. ಡಾ. ಶಿವರಾಮ ಕಾರಂತರು ಆ ವಿರೋಧದ ಮುಂಚೂಣಿಯಲ್ಲಿ ನಿಂತರು. 87ನೆಯ ವಯಸ್ಸಿನಲ್ಲಿ, 1989ರ ಲೋಕಸಭಾ ಚುನಾವಣೆಗೆ ಅಲ್ಲಿಂದ ಸ್ಪರ್ಧಿಸಿದರು. ಅವರು ಗೆಲ್ಲಲಿಲ್ಲ, ಸ್ಥಾವರವೂ ನಿಲ್ಲಲಿಲ್ಲ. ಆದರೆ ತಜ್ಞರು ಮಾತ್ರ ತೀರ್ಮಾನಿಸಬೇಕೆಂದು ಭಾವಿಸಲಾಗಿದ್ದ ವಿಷಯವನ್ನು ಸಾಮಾನ್ಯ ಜನರ ಮುಂದಿಟ್ಟು ಚರ್ಚಿಸಬಹುದೆಂಬುದನ್ನು ಆ ಚಳವಳಿ ಸಿದ್ಧಪಡಿಸಿತು.

ಹಾಸನ ಜಿಲ್ಲೆಯವರಿಗೆ ಈ ನೋವು ಅಪರಿಚಿತವಲ್ಲ. 1979ರಲ್ಲಿ ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟು ಪೂರ್ಣಗೊಂಡಾಗ ನಾಲೆಗಳಲ್ಲಿ ನೀರು ಹರಿದು ಒಣಭೂಮಿ ಹಸಿರಾಯಿತು. ಅದೇ ನೀರಿನಲ್ಲಿ ಹಳ್ಳಿಗಳು ಮುಳುಗಿದವು. ಶೆಟ್ಟಿಹಳ್ಳಿಯ ಪಾಳುಬಿದ್ದ ಚರ್ಚಿನ ಗೋಡೆಗಳು ಇಂದಿಗೂ ಮಳೆಗಾಲದಲ್ಲಿ ನೀರಿನೊಳಗೆ ನಿಂತಿರುತ್ತವೆ. ನಾಲೆಯ ಕೊನೆಯ ರೈತನಿಗೆ ಆ ಗೋಡೆ ಕಾಣುವುದಿಲ್ಲ. ಹಾಗೆಯೇ ಹೊಳೆನರಸೀಪುರದ ದೀಪದ ಕೆಳಗೆ ಓದುವ ವಿದ್ಯಾರ್ಥಿಗೆ ಕಾಳಿ ಕಣಿವೆ ಕಾಣುವುದಿಲ್ಲ. ಕಾಣದುದನ್ನು ಕಾಣಿಸುವುದೇ ಶಿಕ್ಷಣದ ಕೆಲಸ.

ಬೇರೆ ಮಾರ್ಗಗಳು

ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆ ಭೂಮಿಯನ್ನು ರೈತರಿಂದ ಕೊಳ್ಳದೆ ಗೇಣಿಗೆ ಪಡೆದು 2,050 ಮೆಗಾವ್ಯಾಟಿನ ಸೌರವಿದ್ಯುತ್ ಕೇಂದ್ರವನ್ನು ಕಟ್ಟಲಾಗಿದೆ. ಬೋರ್‌ವೆಲ್ಲಿನ ನೀರನ್ನು ಹಗಲಿನಲ್ಲಿಯೇ ಎತ್ತಬಹುದಾದ್ದರಿಂದ ಚನ್ನರಾಯಪಟ್ಟಣದಂತಹ ಒಣಸೀಮೆಯ ತೋಟಗಳಿಗೆ ಬಿಸಿಲಿನ ವಿದ್ಯುತ್ತು ಚೆನ್ನಾಗಿ ಒಗ್ಗುತ್ತದೆ. ಆದರೆ ರಾತ್ರಿಯ ಆಸ್ಪತ್ರೆಗೂ ಮಳೆಗಾಲದ ಮೋಡದ ವಾರಗಳಿಗೂ ಸಂಗ್ರಹಿಸಿಟ್ಟ ವಿದ್ಯುತ್ತಾಗಲಿ ನಿರಂತರವಾದ ಮೂಲವಾಗಲಿ ಬೇಕೇಬೇಕು. ಸಂಗ್ರಹಕ್ಕೂ ಬೆಲೆಯುಂಟು: ಶರಾವತಿ ಕಣಿವೆಯಲ್ಲಿ ನೀರನ್ನು ಮೇಲೆತ್ತಿ ಶೇಖರಿಸುವ 2,000 ಮೆಗಾವ್ಯಾಟಿನ ಯೋಜನೆಯು ಸಿಂಗಳೀಕಗಳ ಕಾಡನ್ನು ಮುಟ್ಟುತ್ತದೆಂಬ ಆಕ್ಷೇಪವನ್ನು ಎದುರಿಸಿದೆ. ಯಾವ ಮೂಲವೂ ಸಂಪೂರ್ಣ ನಿರಪಾಯವಲ್ಲ. ಜರ್ಮನಿಯು 2023ರ ಏಪ್ರಿಲ್‌ನಲ್ಲಿ ತನ್ನ ಕೊನೆಯ ಅಣುಸ್ಥಾವರಗಳನ್ನು ಮುಚ್ಚಿತು. ನೆರೆಯ ಫ್ರಾನ್ಸು ತನ್ನ ವಿದ್ಯುತ್ತಿನ ಬಹುಭಾಗವನ್ನು ಅಣುವಿನಿಂದಲೇ ಪಡೆಯುತ್ತಿದೆ. ವಿದ್ಯಾವಂತ ರಾಷ್ಟ್ರಗಳೆರಡು ಒಂದೇ ವಿಜ್ಞಾನವನ್ನು ಓದಿ ಎರಡು ತೀರ್ಮಾನಗಳಿಗೆ ಬಂದಿರುವುದನ್ನು ನೋಡಿದರೆ, ಇದು ಬರಿಯ ವಿಜ್ಞಾನದ ಪ್ರಶ್ನೆಯಲ್ಲವೆಂಬುದು ಸ್ಪಷ್ಟ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಹೊರಡುವ ಅಭಿಪ್ರಾಯವನ್ನು ಹೀಗೆ ಸಂಗ್ರಹಿಸಬಹುದು. ಈಗಾಗಲೇ ನಡೆಯುತ್ತಿರುವ, ದಕ್ಷವಾಗಿರುವ ಸ್ಥಾವರವನ್ನು ಮುಚ್ಚಿ ಅದರ ಸ್ಥಾನದಲ್ಲಿ ಕಲ್ಲಿದ್ದಲನ್ನು ಉರಿಸುವುದು ವಿವೇಕವಲ್ಲ. ಹೊಸ ಘಟಕಗಳ ವಿಷಯದಲ್ಲಾದರೋ, ವಿದ್ಯುತ್ತಿನ ಬೆಲೆಯನ್ನು ಕೇಳುವುದಕ್ಕೆ ಮುಂಚೆ ಬೇರೆ ಪ್ರಶ್ನೆಗಳನ್ನು ಕೇಳಬೇಕು. ಸುತ್ತಲಿನ ಜನರಿಗೆ ವಿಕಿರಣದ ಅಳತೆಗಳನ್ನೂ ಅವಘಡಗಳ ವಿವರಗಳನ್ನೂ ಅವರ ಭಾಷೆಯಲ್ಲಿ, ಕಾಲಕಾಲಕ್ಕೆ, ಮುಚ್ಚುಮರೆಯಿಲ್ಲದೆ ತಿಳಿಸುವ ಏರ್ಪಾಡು ಇದೆಯೇ? ನೆಲೆ ಕಳೆದುಕೊಂಡವರ ಋಣ ತೀರಿದೆಯೇ? ನಮ್ಮ ಐವತ್ತು ಅರವತ್ತು ವರ್ಷಗಳ ಬೆಳಕಿಗಾಗಿ ಮುಂದಿನ ನೂರಾರು ತಲೆಮಾರುಗಳ ಮೇಲೆ ಹೊರಿಸುವ ತ್ಯಾಜ್ಯದ ಕಾವಲಿಗೆ ಇಂದೇ ಹಣವನ್ನೂ ಸ್ಥಳವನ್ನೂ ಗೊತ್ತುಮಾಡಲಾಗಿದೆಯೇ? ಇವುಗಳಿಗೆ ತೃಪ್ತಿಕರವಾದ ಉತ್ತರ ದೊರೆತಲ್ಲಿ ಅಣುವಿದ್ಯುತ್ತನ್ನು ಸ್ವೀಕರಿಸಬಹುದು. ದೊರೆಯದಿದ್ದಲ್ಲಿ ಅಗ್ಗದ ಯೂನಿಟ್ಟು ಅಗ್ಗವೆನಿಸದು, ಅದರ ಬೆಲೆಯನ್ನು ಬೇರೆಯವರು ತೆರುತ್ತಿದ್ದಾರೆಂದೇ ಅರ್ಥ.

ಬಳಸುವವರ ಕರ್ತವ್ಯವೂ ಇದರಲ್ಲಿ ಅಡಗಿದೆ. ಶಾಲೆಯ ಮೀಟರಿನ ಅಂಕಿಯನ್ನು ವಿದ್ಯಾರ್ಥಿಗಳೇ ತಿಂಗಳು ತಿಂಗಳು ಬರೆದಿಟ್ಟು, ಎಲ್ಲಿ ವ್ಯರ್ಥವಾಗುತ್ತಿದೆಯೆಂದು ಹುಡುಕುವುದು ವಿಜ್ಞಾನದ ಒಳ್ಳೆಯ ಪಾಠವಾಗಬಲ್ಲದು. ಚರ್ಚಾಸ್ಪರ್ಧೆಯ ವಿಷಯವನ್ನೂ ಸ್ವಲ್ಪ ತಿದ್ದಬಹುದು. ‘ವರವೋ ಶಾಪವೋ’ ಎಂದು ಕೇಳುವ ಬದಲು ‘ಯಾರಿಗೆ ವರ, ಯಾರಿಗೆ ಭಾರ, ಎಷ್ಟು ಕಾಲ?’ ಎಂದು ಕೇಳಿದರೆ, ಮಕ್ಕಳು ಉತ್ತರವನ್ನು ಹುಡುಕಲು ಗ್ರಂಥಾಲಯಕ್ಕೆ ಮಾತ್ರವಲ್ಲ, ಭೂಪಟದ ಕಡೆಗೂ ನಡೆದಾರು.