ಬರುವ ಗಾಳಿಗಿಂತ ಹೋಗುವ ಗಾಳಿ ನೋಡು

ಡೋಣಿಯ ಹುಡುಗರಿಗೆ ಗಾಳಿಯ ಬಗ್ಗೆ ಹೇಳಬೇಕಿಲ್ಲ, ಕಪ್ಪತಗುಡ್ಡದ ಫ್ಯಾನುಗಳನ್ನು ನೋಡುತ್ತಲೇ ಬೆಳೆದವರು. ಆದರೆ ಐಟಿಐ ಮುಗಿಸಿ ಗದಗ, ಹುಬ್ಬಳ್ಳಿ ಕಡೆ ಕೆಲಸಕ್ಕೆ ಸೇರಿದರೆ ಸಿಗುವುದು ಪೈಪಿನೊಳಗಿನ ಗಾಳಿ, ಸುಮಾರು 6 ಬಾರ್ ಒತ್ತಡದ್ದು. ತಮ್ಮಾ, ಖಾರದಪುಡಿ ತುಂಬುವ ಪೌಚ್ ಮಷಿನ್ ಮುಂದೆ ನಿಂತಾಗ ಇಷ್ಟು ನೆನಪಿರಲಿ.

• ವಾಲ್ವ್ ಮೇಲಿನ ನಂಬರ್ ಓದು. 1 ಎಂದರೆ ಕಂಪ್ರೆಸರ್ ಗಾಳಿ ಬರುವ ದಾರಿ. 2 ಮತ್ತು 4 ಸಿಲಿಂಡರಿಗೆ ಹೋಗುವವು. 3 ಮತ್ತು 5 ಗಾಳಿ ಹೊರಬೀಳುವ ಬಾಯಿ. ಹಳೆಯ ವಾಲ್ವ್‌ಗಳಲ್ಲಿ ಇವೇ ಪಿ, ಬಿ, ಎ, ಎಸ್, ಆರ್ ಅಕ್ಷರಗಳಾಗಿರುತ್ತವೆ.

• 5/2 ಎಂದರೆ ಐದು ಪೋರ್ಟು, ಎರಡು ಸ್ಥಿತಿ. 14 ಎಂಬ ನಿಯಂತ್ರಣ ಬದಿಗೆ ಸಿಗ್ನಲ್ ಬಂದರೆ 1ರ ಗಾಳಿ 4ಕ್ಕೆ ಹೋಗುತ್ತದೆ, ಸಿಲಿಂಡರಿನ ಇನ್ನೊಂದು ಬದಿಯ ಗಾಳಿ 2ರಿಂದ 3ಕ್ಕೆ ಬಂದು ಹೊರಬೀಳುತ್ತದೆ. ಹಳೆಯ ಗಾಳಿ ಹೋಗದೆ ಪಿಸ್ಟನ್ ಸರಾಗವಾಗಿ ಸರಿಯುವುದಿಲ್ಲ.

• ಹಾಗಾಗಿ ಸಿಲಿಂಡರ್ ನಿಧಾನವಾಯಿತೆಂದು ತಕ್ಷಣ ಪ್ರೆಶರ್ ಏರಿಸಬೇಡ. ಮೊದಲು 3, 5ರ ಸೈಲೆನ್ಸರ್ ಬಿಚ್ಚಿ ನೋಡು, ಮುಖ ಪಕ್ಕಕ್ಕಿರಲಿ. ಎಣ್ಣೆಯ ಜೊತೆ ಖಾರದಪುಡಿ ಸೇರಿ ಅದರ ಸಣ್ಣ ರಂಧ್ರಗಳನ್ನು ಗಾರೆಯಂತೆ ಮುಚ್ಚಿರುತ್ತದೆ. ವೇಗ ಹೊಂದಿಸುವ ಸ್ಕ್ರೂ ಕೂಡ ಹೆಚ್ಚಾಗಿ ಹೋಗುವ ಗಾಳಿಯನ್ನೇ ಹಿಡಿಯುವುದು.

• ಮಷಿನ್ ನಿಂತಿದ್ದರೂ 3ರಲ್ಲಿ ಸುಸ್ಸ್ ಎನ್ನುತ್ತಿದೆಯೇ? ವಾಲ್ವ್ ಬದಲಿಸುವ ಮೊದಲು ಒಂದು ಪರೀಕ್ಷೆ ಮಾಡು. ಗಾಳಿ 4ಕ್ಕೆ ಹೋಗುವ ಸ್ಥಿತಿಯಲ್ಲಿ, ಕೈಯನ್ನು ಪೌಚ್ ಅಂಟಿಸುವ ದವಡೆಯಿಂದ ದೂರವಿಟ್ಟು, 2ರ ಪೈಪ್ ಕಳಚು. ಪೈಪಿನಿಂದ ಗಾಳಿ ಬಂದರೆ ಪಿಸ್ಟನ್ ಸೀಲ್ ಹೋಗಿದೆ. ಪೈಪ್ ಸುಮ್ಮನಿದ್ದು ವಾಲ್ವ್ ಬಾಯಿಂದಲೇ ಬರುತ್ತಿದ್ದರೆ ವಾಲ್ವ್ ಕೆಟ್ಟಿದೆ. ಎಷ್ಟೋ ಒಳ್ಳೆಯ ವಾಲ್ವ್‌ಗಳು ಈ ಪರೀಕ್ಷೆ ಮಾಡದ್ದಕ್ಕೇ ಗುಜರಿ ಸೇರಿವೆ. ಸದ್ದು ನಿಲ್ಲಲೆಂದು 3ಕ್ಕೆ ಬೂಚು ಜಡಿಯುವುದಂತೂ ಶುದ್ಧ ಮೂರ್ಖತನ.

• ಕರೆಂಟ್ ಹೋದಾಗ ಒಂದೇ ಕಾಯಿಲಿನ ಸ್ಪ್ರಿಂಗ್ ವಾಲ್ವ್ ಹಿಂದಿನ ಸ್ಥಿತಿಗೆ ಮರಳುತ್ತದೆ, ಎರಡು ಕಾಯಿಲಿನದು ಇದ್ದಲ್ಲೇ ಇರುತ್ತದೆ. ಯಾವುದು ಹಾಕಿದೆ ಎಂದು ಮೊದಲೇ ತಿಳಿದುಕೋ.

• ಎಸಿ ಕಾಯಿಲನ್ನು ವಾಲ್ವ್‌ನಿಂದ ಕಳಚಿ ಕರೆಂಟ್ ಕೊಟ್ಟರೆ ಸುಟ್ಟುಹೋಗುತ್ತದೆ.

• ಕರೆಂಟ್ ಹೋದರೂ ಗಾಳಿ ಹೋಗಿರುವುದಿಲ್ಲ. ಬರೀ ಬಾಲ್ ವಾಲ್ವ್ ಮುಚ್ಚಿದರೆ ಒಳಗಿನ ಗಾಳಿ ಒಳಗೇ ಉಳಿಯುತ್ತದೆ. ಅದನ್ನು ಹೊರಬಿಡುವ 3/2 ವಾಲ್ವ್ ಬೇಕು. ಸಿಟಿ ಬಸ್ಸಿನ ಬಾಗಿಲ ಮೇಲಿನ ತುರ್ತು ಹಿಡಿಕೆಯ ಕೆಲಸವೂ ಇದೇ, ಸಿಲಿಂಡರಿನ ಗಾಳಿ ಬಿಟ್ಟರೆ ಬಾಗಿಲನ್ನು ಕೈಯಿಂದ ತಳ್ಳಬಹುದು. ನಡುಸ್ಥಿತಿಯಲ್ಲಿ ಎಲ್ಲ ಬಾಯಿ ಮುಚ್ಚುವ 5/3 ವಾಲ್ವ್ ಇದ್ದರೆ ಅಷ್ಟೂ ಸಾಲದು, ಸಿಲಿಂಡರಿನಲ್ಲಿ ಒತ್ತಡ ಸಿಕ್ಕಿಕೊಂಡಿರುತ್ತದೆ. ಅದನ್ನು ಖಾಲಿ ಮಾಡದೆ ದವಡೆಯೊಳಗೆ ಕೈ ಹಾಕಬೇಡ, ಸೂಪರ್‌ವೈಸರ್ ಎಷ್ಟೇ ಅವಸರ ಮಾಡಲಿ.

• ಸಂಜೆ ಹೊರಡುವ ಮುಂಚೆ ಫಿಲ್ಟರಿನ ನೀರು ಬಿಡು. ಮಳೆಗಾಲದಲ್ಲಿ ಮಧ್ಯಾಹ್ನವೂ ಒಮ್ಮೆ ಬಿಡು.