ಒತ್ತಿದ ಕೀ ಎಲ್ಲಿ ಹೋಯಿತು?

ಈದ್ ರಜೆಯಲ್ಲಿ ನಾನೂ ತಮ್ಮನೂ ಒಂದೇ ಕೀಬೋರ್ಡ್‌ನಲ್ಲಿ ಕಾರ್ ರೇಸ್ ಆಡುತ್ತಿದ್ದೆವು. ನನಗೆ ಬಾಣದ ಕೀಗಳು, ಅವನಿಗೆ ಡಬ್ಲ್ಯೂ, ಎ, ಎಸ್, ಡಿ. ನಾನು ಎರಡು ಕೀ ಒತ್ತಿ ಹಿಡಿದಾಗಲೆಲ್ಲ ಅವನ ಕಾರು ತಿರುಗುತ್ತಿರಲಿಲ್ಲ. “ಭಾಯ್, ಒತ್ತಿದ್ದೀನಿ, ಆಗ್ತಿಲ್ಲ” ಎಂದ. “ಸೋತವರ ನೆಪ” ಎಂದು ನಕ್ಕೆ. ಅವನು ಈದಿ ಹಣವನ್ನೆಲ್ಲ ಸೇರಿಸಿ ಗೇಮಿಂಗ್ ಕೀಬೋರ್ಡ್ ಕೊಳ್ಳಲು ಹೊರಟಾಗ ಕಾರಣ ಹುಡುಕಿದೆ.

ಕೀಬೋರ್ಡ್‌ನಲ್ಲಿ ಪ್ರತಿ ಕೀಗೂ ಬೇರೆ ತಂತಿ ಇರುವುದಿಲ್ಲ. ಅಡ್ಡ ಮತ್ತು ಉದ್ದ ಗೆರೆಗಳ ಜಾಲವಿರುತ್ತದೆ. 8 ಅಡ್ಡ, 16 ಉದ್ದ ಗೆರೆಗಳಿದ್ದರೆ 24 ಗೆರೆಗಳಲ್ಲೇ 128 ಕೀಗಳಿಗೆ ಜಾಗ. ಆದರೆ ಜಾಲದಲ್ಲಿ ಆಯತದ ಮೂರು ಮೂಲೆಗಳಲ್ಲಿರುವ ಕೀಗಳನ್ನು ಒಟ್ಟಿಗೆ ಒತ್ತಿದರೆ, ವಿದ್ಯುತ್ ಸುತ್ತಿ ಬಂದು ನಾಲ್ಕನೆಯದೂ ಒತ್ತಿದಂತೆ ಕಾಣುತ್ತದೆ. ಈ ಗೊಂದಲ ತಪ್ಪಿಸಲು ಅನೇಕ ಅಗ್ಗದ ಕೀಬೋರ್ಡ್‌ಗಳು ಮೂರನೆಯ ಕೀಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಪ್ರತಿ ಕೀಗೂ ಒಂದು ಡಯೋಡ್ ಇದ್ದರೆ ವಿದ್ಯುತ್ ಹಿಂದಕ್ಕೆ ಹರಿಯದು, ಈ ತೊಂದರೆಯೂ ಇರದು.

ಆದ್ದರಿಂದ ಕೊಳ್ಳುವಾಗ ಬಣ್ಣದ ದೀಪಕ್ಕೆ ಮರುಳಾಗಬೇಡಿ. ಅಂಗಡಿಯಲ್ಲೇ ನೋಟ್‌ಪ್ಯಾಡ್ ತೆರೆದು, ಎರಡೂ ಶಿಫ್ಟ್ ಒತ್ತಿ ಹಿಡಿದು ಎಲ್ಲ ಅಕ್ಷರಗಳನ್ನೂ ಟೈಪ್ ಮಾಡಿ. ಕೆಲವು ಮೂಡದಿದ್ದರೆ ಆ ಕೀಬೋರ್ಡ್‌ನಲ್ಲೂ ಇದೇ ಮಿತಿ ಇದೆ ಎಂದರ್ಥ.

ನಮಗಂತೂ ಹೊಸದು ಬೇಕಾಗಲಿಲ್ಲ. ಮೂಲೆಯಲ್ಲಿದ್ದ ಹಳೆಯ ಯುಎಸ್‌ಬಿ ಕೀಬೋರ್ಡನ್ನೂ ಅದೇ ಕಂಪ್ಯೂಟರಿಗೆ ಜೋಡಿಸಿದೆ. ಎರಡಕ್ಕೂ ಬೇರೆ ಬೇರೆ ಜಾಲವಿರುವುದರಿಂದ ಅಡ್ಡಿ ನಿಂತಿತು. ಒಬ್ಬರು ಕಂಟ್ರೋಲರ್ ಹಿಡಿದರೂ ಸಾಕು.

ತಮ್ಮನ ಈದಿ ಉಳಿಯಿತು. ಪರೀಕ್ಷಿಸಿ ನೋಡದೆ ಅವನ ಮಾತನ್ನು ಸುಳ್ಳೆಂದದ್ದಕ್ಕೆ ಮಾಫಿ ಕೇಳಿದೆ. ಮುಂದಿನ ರೇಸ್ ಅವನೇ ಗೆದ್ದ.