ಒರಟು ಹಾದಿಯ ಗಾಡಿಯೂ ಪೆಟ್ರೋಲಿನ ಲೆಕ್ಕವೂ



ನಮ್ಮ ಶಾಲೆಯ ಹಳೆಯ ಜೀಪನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ಕೆಲವು ವರುಷಗಳ ಹಿಂದೆ, ಮಳೆಗಾಲದ ಒಂದು ತಿಂಗಳಲ್ಲಿ ಅದರ ಪೆಟ್ರೋಲಿನ ಖರ್ಚು ಇಮ್ಮಡಿಯಾಯಿತು. ಓಡಿದ ದೂರವಾದರೋ ಹಿಂದಿನಷ್ಟೇ. ಡ್ರೈವರನು ಪೆಟ್ರೋಲನ್ನು ಮಾರಿಕೊಂಡಿರಬೇಕೆಂಬ ಪಿಸುಮಾತು ಹುಟ್ಟಿತು. ನಾನೂ ಅದನ್ನು ನಂಬಿ, ಆತನನ್ನು ಕರೆಯಿಸಿ ಕಠಿಣವಾಗಿ ವಿಚಾರಿಸಿದೆನು. “ಗುಡ್ಡದ ದಾರಿಯಲ್ಲಿ ಗಾಡಿ ಹೆಚ್ಚು ಕುಡಿಯುತ್ತದೆ, ಅಮ್ಮನವರೇ, ನಾನು ಒಂದು ತೊಟ್ಟೂ ಮುಟ್ಟಿಲ್ಲ” ಎಂದಷ್ಟೇ ಹೇಳಿ ಆತನು ತಲೆ ತಗ್ಗಿಸಿದನು. ಆ ಮಾತು ನಿಜವೋ ಅಲ್ಲವೋ ಎಂಬುದನ್ನರಿಯಲು ಹತ್ತನೆಯ ತರಗತಿಯಲ್ಲಿ ನಾವು ಮಾಡಿದ ಪಾಠವನ್ನು ಇಲ್ಲಿ ಬರೆದಿರುವೆನು.

ಮೊದಲು ಗಾಡಿಯ ಪರಿಚಯ. ಜೀಪು ಎರಡನೆಯ ಮಹಾಯುದ್ಧದ ಕೂಸು. 1941ರಿಂದ 1945ರವರೆಗೆ ಅಮೆರಿಕದ ವಿಲ್ಲಿಸ್-ಓವರ್‌ಲ್ಯಾಂಡ್ ಮತ್ತು ಫೋರ್ಡ್ ಕಂಪೆನಿಗಳು ಆರು ಲಕ್ಷಕ್ಕೂ ಮಿಕ್ಕು ಜೀಪುಗಳನ್ನು ನಿರ್ಮಿಸಿದವು. ಯುದ್ಧಾನಂತರ ಮಹೀಂದ್ರ ಕಂಪೆನಿಯು ಅವುಗಳನ್ನು ಮುಂಬಯಿಯಲ್ಲಿ ಜೋಡಿಸತೊಡಗಿತು. ಆ ಮೂಲ ಜೀಪಿನ ತೂಕ ಸುಮಾರು 1,100 ಕಿಲೋಗ್ರಾಂ. ಅದರ ಎಂಜಿನ್ನು ನಾಲ್ಕು ಸಿಲಿಂಡರುಗಳದು, ಅಳತೆ 2.2 ಲೀಟರು, ಬಲ 60 ಅಶ್ವಶಕ್ತಿ. ಪಾಠಕ್ಕೆ ಇದನ್ನೇ ಉದಾಹರಣೆಯಾಗಿ ತೆಗೆದುಕೊಂಡೆವು.

ಪೆಟ್ರೋಲು ಉರಿದು ಹುಟ್ಟುವ ಶಾಖದಲ್ಲಿ ಸುಮಾರು ಕಾಲುಭಾಗ ಮಾತ್ರವೇ ಕೆಲಸವಾಗಿ ಮಾರ್ಪಡುವುದು. ಮಿಕ್ಕುದು ಹೊಗೆಯೊಡನೆಯೂ ರೇಡಿಯೇಟರಿನ ಮೂಲಕವೂ ಹೊರಗೆ ಹೋಗುವುದು. ಆ ಕಾಲುಭಾಗವು ಏತಕ್ಕೆ ವೆಚ್ಚವಾಗುವುದು? ದಾರಿಯು ಒಡ್ಡುವ ತಡೆಯನ್ನು ಗೆಲ್ಲುವುದಕ್ಕೆ. ಒಳ್ಳೆಯ ಡಾಂಬರು ರಸ್ತೆಯಲ್ಲಿ ಚಕ್ರ ಉರುಳಲು ಬೇಕಾದ ಬಲವು ಗಾಡಿಯ ತೂಕದ ನೂರರಲ್ಲಿ ಒಂದೂವರೆ ಪಾಲು, ಎಂದರೆ ಸುಮಾರು 16 ಕಿಲೋಗ್ರಾಂ. ಸಡಿಲವಾದ ಮರಳಿನಲ್ಲಿ ಇದು ಹತ್ತು ಮಡಿಯಾದರೂ ಆಗಬಹುದು. ಇನ್ನು ಏರು: ಹತ್ತು ಅಡಿ ಸಾಗಿದರೆ ಒಂದಡಿ ಏರುವ ದಾರಿಯಲ್ಲಿ, ತೂಕದ ಹತ್ತನೆಯ ಒಂದು ಪಾಲು, ಎಂದರೆ 110 ಕಿಲೋಗ್ರಾಂ ಬಲವು ಏರಿಕೆಗೆಂದೇ ಬೇಕು. “ಇಳಿಯುವಾಗ ಅದು ಹಿಂದಿರುಗದೇ?” ಎಂದು ಒಬ್ಬ ಹುಡುಗಿ ಕೇಳಿದಳು. ಒಳ್ಳೆಯ ಪ್ರಶ್ನೆ. ಕಡಿದಾದ ಇಳಿಜಾರಿನಲ್ಲಿ ಬ್ರೇಕು ಹಿಡಿಯಲೇ ಬೇಕಾದುದರಿಂದ ಆ ಶಕ್ತಿಯು ಬಿಸಿಯಾಗಿ ಗಾಳಿಗೆ ಸೇರಿಹೋಗುವುದು.

ಎರಡನೆಯ ಕಾರಣ ಗೇರು. ಹಾರೆಯಿಂದ ಬಂಡೆಯನ್ನು ಮೀಟುವವನ ಕೈ ಬಹುದೂರ ಚಲಿಸಿದರೂ ಬಂಡೆಯು ಅಲುಗುವುದು ಅಂಗುಲದಷ್ಟೇ. ಗೇರಿನ ಗುಟ್ಟೂ ಇದೇ. ಸಮದಾರಿಯಲ್ಲಿ ಮೇಲಿನ ಗೇರಿನಲ್ಲಿ ಹೋಗುವಾಗ ಜೀಪಿನ ಚಕ್ರವು ಒಂದು ಸುತ್ತು ತಿರುಗಲು ಎಂಜಿನ್ನು 4.88 ಸುತ್ತು ತಿರುಗುವುದು. ಅತ್ಯಂತ ಕೆಳಗಿನ ಗೇರಿನಲ್ಲಾದರೋ 25ಕ್ಕೂ ಹೆಚ್ಚು ಸುತ್ತು. ಎಳೆಯುವ ಬಲವು ಐದು ಮಡಿ ಹೆಚ್ಚಿತು. ಆದರೆ ಅದೇ ದೂರಕ್ಕೆ ಎಂಜಿನ್ನಿನ ಸುತ್ತುಗಳೂ ಐದು ಮಡಿಯಾದವು, ಅದರ ಒಳಗಿನ ತಿಕ್ಕಾಟಕ್ಕೆ ತೆರುವ ಪೆಟ್ರೋಲೂ ಹೆಚ್ಚಿತು. ಹೊಲದಲ್ಲಿ ಉಳುವ ಟ್ರಾಕ್ಟರಿನ ಎಣ್ಣೆಯನ್ನು ದೂರದಿಂದಲ್ಲದೆ ಗಂಟೆಗಳಿಂದ ಲೆಕ್ಕ ಹಾಕುವರೆಂಬುದನ್ನು ರೈತರ ಮನೆಯ ಹುಡುಗಿಯರೇ ನಮಗೆ ನೆನಪಿಸಿದರು.

ಕಡೆಗೆ ಪರೀಕ್ಷೆ. ಟ್ಯಾಂಕನ್ನು ಕಂಠಪೂರ್ತಿ ತುಂಬಿಸಿ, ಡಾಂಬರು ರಸ್ತೆಯಲ್ಲಿ 20 ಕಿಲೋಮೀಟರು ಹೋಗಿಬಂದು, ಮತ್ತೆ ತುಂಬಿಸಿ ಹಿಡಿದ ಪೆಟ್ರೋಲನ್ನು ಅಳೆದೆವು. ಮರುದಿನ ಗುಡ್ಡದ ಕೆಸರು ಹಾದಿಯಲ್ಲಿ ಅಷ್ಟೇ ದೂರ. ಎರಡನೆಯ ಅಳತೆಯು ಮೊದಲನೆಯದರ ಇಮ್ಮಡಿಯನ್ನೂ ತುಸು ಮೀರಿತ್ತು. ನಮ್ಮ ಲೆಕ್ಕದ ಪುಸ್ತಕದಲ್ಲಿ ದೂರಕ್ಕೆ ಒಂದು ಅಂಕಣವಿತ್ತು. ಹಾದಿ ಎಂಥದೆಂಬುದಕ್ಕೆ ಅಂಕಣವಿರಲಿಲ್ಲ. ಆ ತಿಂಗಳು ಗಾಡಿಯನ್ನು ಗುಡ್ಡದ ಹಳ್ಳಿಗೆ ಪದೇ ಪದೇ ಕಳುಹಿಸಿದವಳು ನಾನೇ.

ಜೀಪು ಇರುವ ಮನೆಯವರಿಗೆ ಎರಡು ಮಾತು. ನಾಲ್ಕು ಚಕ್ರಗಳನ್ನೂ ಎಂಜಿನ್ನಿಗೆ ಜೋಡಿಸುವ ಗೇರನ್ನು ಕೆಸರು, ಮರಳುಗಳಲ್ಲಿ ಮಾತ್ರ ಬಳಸತಕ್ಕದ್ದು. ಗಟ್ಟಿ ರಸ್ತೆಯ ತಿರುವಿನಲ್ಲಿ ಹಾಗೆ ಮಾಡಿದರೆ ಮುಂದಿನ ಚಕ್ರಗಳೂ ಹಿಂದಿನವೂ ಒಂದಕ್ಕೊಂದು ಎಳೆದಾಡಿ ಟೈರು ಸವೆಯುವುದು, ಪೆಟ್ರೋಲು ವ್ಯರ್ಥವಾಗುವುದು. ಮರಳಿನಲ್ಲಿ ಟೈರಿನ ಗಾಳಿಯನ್ನು ಕೊಂಚ ಇಳಿಸಿದರೆ ಅದು ಅಗಲವಾಗಿ ಊರಿ ಹೂತುಹೋಗದು. ರಸ್ತೆಗೆ ಮರಳಿದೊಡನೆ ಮತ್ತೆ ತುಂಬಿಸತಕ್ಕದ್ದು.

ಪರೀಕ್ಷೆ ಮುಗಿದ ದಿನ, ವಿದ್ಯಾರ್ಥಿನಿಯರ ಎದುರಿನಲ್ಲೇ ನಾನು ಆ ಡ್ರೈವರನ ಕ್ಷಮೆ ಕೇಳಿದೆನು. “ಇರಲಿ ಬಿಡಿ ಅಮ್ಮಾ” ಎಂದನು. ಆದರೆ ಆತನ ಕಣ್ಣು ತುಂಬಿತ್ತು. ಹೆಣ್ಣುಮಕ್ಕಳಿಗೆ ಯಂತ್ರಶಾಸ್ತ್ರವೇಕೆ ಎಂದು ಕೇಳುವ ಪೋಷಕರು ಇಂದಿಗೂ ಉಂಟು. ಅಳೆದು ನೋಡದೆ ಆಡಿದ ನನ್ನ ಮಾತಿನಿಂದ ಒಬ್ಬ ಪ್ರಾಮಾಣಿಕನ ಮಾನವು ಹೋಗುವುದರಲ್ಲಿತ್ತು. ಅದನ್ನು ಉಳಿಸಿದವರು ಭೌತಶಾಸ್ತ್ರ ಕಲಿತ ನಮ್ಮ ಹುಡುಗಿಯರು. ಈಗ ನಮ್ಮ ಪುಸ್ತಕದಲ್ಲಿ ಹಾದಿಗೂ ಒಂದು ಅಂಕಣವಿದೆ.